ಓದುಗರ ಪ್ರಶ್ನೆ: ಕೆಮಿಸ್ಟ್ರಿ ಕಲಿಯೋಕೆ ಯಾವ ಆ್ಯಪ್ ಒಳ್ಳೇದು?

ಪ್ರಶ್ನೆ: ಮಗಳು ಹತ್ತನೇ ಕ್ಲಾಸಿನವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಈಗ ಪಿಯುಸಿ ಸೈನ್ಸ್ ಸೇರಿದ್ದಾಳೆ. ಫಿಸಿಕ್ಸ್, ಮ್ಯಾಥ್ಸ್ ಹೇಗೋ ನಡೀತಿದೆ. ಕೆಮಿಸ್ಟ್ರಿ ಮಾತ್ರ ತಲೆಗೇ ಹತ್ತುತ್ತಿಲ್ಲ ಅಂತಾಳೆ. ಮೊಬೈಲ್‌ನಲ್ಲಿ ಹುಡುಕಿದರೆ ನೂರೆಂಟು ಆ್ಯಪ್ ಬರುತ್ತವೆ. ಯಾವುದನ್ನು ಹಾಕಿಕೊಡಲಿ? ದುಡ್ಡು ಕೊಡಬೇಕಾದರೂ ಪರವಾಗಿಲ್ಲ.

ಉತ್ತರ: ದುಡ್ಡು ಸದ್ಯಕ್ಕೆ ನಿಮ್ಮ ಹತ್ತಿರವೇ ಇರಲಿ. ಈ ವಿಷಯದಲ್ಲಿ ಚೆನ್ನಾಗಿರುವುದು ಹೆಚ್ಚುಕಡಿಮೆ ಎಲ್ಲವೂ ಪುಕ್ಕಟೆ ಸಿಗುತ್ತದೆ. ಮೊದಲು ಫೆಟ್ ಅನ್ನುವ ಸಿಮ್ಯುಲೇಶನ್‌ಗಳನ್ನು (ಪರದೆಯ ಮೇಲೆ ಆಡಿಸಿ ನೋಡುವ ಪ್ರಯೋಗಗಳು) ತೋರಿಸಿ, ಆಮೇಲೆ ಅಣುಗಳ ರಚನೆ ತೋರಿಸುವ ಮಾಲ್‌ವ್ಯೂ. ಸಮೀಕರಣ ಸರಿದೂಗಿಸಿ (ಎರಡೂ ಕಡೆ ಪರಮಾಣುಗಳ ಲೆಕ್ಕ ಸಮ ಮಾಡಿ) ಕೊಡುವ ಆ್ಯಪ್ ಯಾವುದಾದರೂ ಈಗಾಗಲೇ ಫೋನ್‌ನಲ್ಲಿದ್ದರೆ ಸ್ವಲ್ಪ ದಿನ ತೆಗೆದುಹಾಕಿ. ಯಾಕೆ ಅಂತ ಹೇಳುತ್ತೇನೆ.

ಕೆಮಿಸ್ಟ್ರಿ ಯಾಕೆ ಇಷ್ಟು ಕಷ್ಟ ಅನ್ನುವ ಪ್ರಶ್ನೆಯನ್ನು ಗ್ಲಾಸ್ಗೋ ವಿಶ್ವವಿದ್ಯಾಲಯದ ಅಲೆಕ್ಸ್ ಜಾನ್‌ಸ್ಟನ್ ಬಹಳ ವರ್ಷ ಯೋಚಿಸಿದರು. ಅವರು ಹೇಳಿದ್ದು ಇಷ್ಟು. ಈ ವಿಷಯದಲ್ಲಿ ಒಂದೇ ಸಂಗತಿ ಮೂರು ಕಡೆ ನಡೆಯುತ್ತದೆ. ಮೆಗ್ನೀಶಿಯಂ ರಿಬ್ಬನ್ ಉರಿದು ಬಿಳಿ ಪುಡಿಯಾಗುವುದು ಕಣ್ಣಿಗೆ ಕಾಣುತ್ತದೆ. ಮೆಗ್ನೀಶಿಯಂ ಪರಮಾಣು ಎಲೆಕ್ಟ್ರಾನ್ ಬಿಟ್ಟುಕೊಟ್ಟು ಆಕ್ಸಿಜನ್ ಅದನ್ನು ತೆಗೆದುಕೊಳ್ಳುವುದು ಯಾರ ಕಣ್ಣಿಗೂ ಕಾಣುವುದಿಲ್ಲ. ಇವೆರಡನ್ನೂ ಸೇರಿಸಿ ಬೋರ್ಡಿನ ಮೇಲೆ ಬರೆಯುವ ಸಮೀಕರಣ ಮೂರನೆಯದು. ಪಾಠ ಮಾಡುವವರು ಒಂದೇ ವಾಕ್ಯದಲ್ಲಿ ಮೂರಕ್ಕೂ ಹಾರುತ್ತಾರೆ. ಅವರಿಗೆ ಅಭ್ಯಾಸ ಆಗಿರುತ್ತದೆ. ಮಕ್ಕಳ ಕೈಗೆ ಸಿಗುವುದು ಮೂರನೆಯದು ಮಾತ್ರ, ಅದನ್ನೇ ಬಾಯಿಪಾಠ ಮಾಡುತ್ತಾರೆ. "ತಲೆಗೆ ಹತ್ತುತ್ತಿಲ್ಲ" ಅನ್ನುವುದರ ಹಿಂದೆ ಸಾಮಾನ್ಯವಾಗಿ ಇರುವುದು ಇದೇ.

ಹಾಗಾಗಿ ಯಾವುದೇ ಆ್ಯಪ್ ನೋಡಿದರೂ, ಇದು ಮೂರರಲ್ಲಿ ಯಾವುದನ್ನು ತೋರಿಸುತ್ತದೆ ಅಂತ ಕೇಳಿಕೊಳ್ಳಿ. ಕಣ್ಣಿಗೆ ಕಾಣದ ಎರಡನೆಯದನ್ನು ತೋರಿಸುವುದರಲ್ಲಿ ಫೋನ್ ನಿಜಕ್ಕೂ ಗಟ್ಟಿ. ಬೋರ್ಡು, ಪುಸ್ತಕ, ಲ್ಯಾಬ್ ಯಾವುದಕ್ಕೂ ಅದು ಅಷ್ಟು ಸುಲಭವಲ್ಲ. ಉಳಿದೆರಡರಲ್ಲಿ ಫೋನ್ ಸುಮಾರು.

ಫೆಟ್ ಅನ್ನುವುದು ಅಮೆರಿಕದ ಕೊಲೊರಾಡೊ ವಿಶ್ವವಿದ್ಯಾಲಯದ ಕೆಲಸ. ಭೌತಶಾಸ್ತ್ರದಲ್ಲಿ ನೊಬೆಲ್ ಪಡೆದ ಕಾರ್ಲ್ ವೀಮನ್ 2002ರಲ್ಲಿ ಶುರು ಮಾಡಿದ್ದು. ಪಿ, ಎಚ್, ಇ, ಟಿ ಅಂತ ಇಂಗ್ಲಿಷ್‌ನಲ್ಲಿ ಟೈಪ್ ಮಾಡಿ ಹುಡುಕಿ. ಸ್ಟೋರ್‌ನಲ್ಲಿ ಇದರ ಆ್ಯಪ್‌ಗೆ ಸಣ್ಣ ಮೊತ್ತ ಕೇಳಬಹುದು, ಬ್ರೌಸರ್‌ನಲ್ಲಿ ಅವೇ ಸಿಮ್ಯುಲೇಶನ್‌ಗಳು ಉಚಿತ. ಬೇಕಾದ್ದನ್ನು ಡೌನ್‌ಲೋಡ್ ಮಾಡಿಟ್ಟುಕೊಂಡರೆ ನೆಟ್ ಇಲ್ಲದಿದ್ದರೂ ನಡೆಯುತ್ತದೆ. ಹಲವು ಸಿಮ್ಯುಲೇಶನ್‌ಗಳು ಕನ್ನಡದಲ್ಲೂ ಇವೆ. ನಿಮ್ಮ ಮಗಳಿಗೆ ಇದು ದೊಡ್ಡ ಅನುಕೂಲ. ಒಂದು ಸಲ ಕನ್ನಡದಲ್ಲಿ ಆಡಿ, ಅದನ್ನೇ ಇಂಗ್ಲಿಷ್‌ನಲ್ಲಿ ತೆರೆದರೆ ಕಾಲೇಜಿನ ಹೊಸ ಪದಗಳು ತಾವಾಗಿಯೇ ಕೂತುಕೊಳ್ಳುತ್ತವೆ.

ಸಮೀಕರಣ ಸರಿದೂಗಿಸುವ ಸಿಮ್ಯುಲೇಶನ್‌ನಿಂದ ಶುರು ಮಾಡಿಸಿ. ಅಮೋನಿಯ ತಯಾರಿಕೆ, ನೀರಿನ ವಿಭಜನೆ, ಮೀಥೇನ್ ಉರಿಯುವುದು, ಹೀಗೆ ಕೆಲವೇ ಕ್ರಿಯೆಗಳು. ಅಂಕಿ ಬದಲಿಸಿದ ಹಾಗೆ ಅಣುಗಳು ಪರದೆಯ ಮೇಲೆ ಹೆಚ್ಚು ಕಡಿಮೆ ಆಗುತ್ತವೆ. ಎರಡು ಕಡೆಯ ಪರಮಾಣುಗಳನ್ನು ತಕ್ಕಡಿಯಲ್ಲಿಟ್ಟು ನೋಡಬಹುದು. ಇದರಲ್ಲಿ ನನಗೆ ಇಷ್ಟವಾದದ್ದು ಇನ್ನೊಂದು. ಅಣುವಿನ ಮುಂದಿನ ಅಂಕಿಯನ್ನು ಮಾತ್ರ ಮುಟ್ಟಲು ಬಿಡುತ್ತದೆ, ಒಳಗಿನ ಪುಟ್ಟ ಅಂಕಿಯನ್ನು ಮುಟ್ಟಲು ಬಿಡುವುದಿಲ್ಲ. ಪುಸ್ತಕದಲ್ಲಿ ಬಿಡಿಸುವಾಗ ಮಕ್ಕಳು ಆಕ್ಸಿಜನ್ ಸಾಲದೆ ಬಂದರೆ ನೀರಿಗೇ ಇನ್ನೊಂದು ಆಕ್ಸಿಜನ್ ಅಂಟಿಸಿಬಿಡುತ್ತಾರೆ. ಲೆಕ್ಕ ಸರಿಹೋಗುತ್ತದೆ, ನೀರು ಹೈಡ್ರೋಜನ್ ಪೆರಾಕ್ಸೈಡ್ ಆಗಿರುತ್ತದೆ.

ಪಿಎಚ್ ಸಿಮ್ಯುಲೇಶನ್ ಇನ್ನೂ ಮಜಾ. ಪಿಎಚ್ ಅಂದರೆ ಆಮ್ಲವೋ ಪ್ರತ್ಯಾಮ್ಲವೋ ಅಂತ ಹೇಳುವ ಅಳತೆ, 7ಕ್ಕಿಂತ ಕಡಿಮೆ ಇದ್ದರೆ ಆಮ್ಲ, ಹೆಚ್ಚಿದ್ದರೆ ಪ್ರತ್ಯಾಮ್ಲ. ಹಾಲು, ಕಾಫಿ, ರಕ್ತ, ಎಂಜಲು, ಬ್ಯಾಟರಿ ಆ್ಯಸಿಡ್, ಕೊನೆಗೆ ವಾಂತಿ ಕೂಡ ಇದೆ. ವಾಂತಿಯ ಪಿಎಚ್ ಸುಮಾರು 2 ಅಂತ ಒಮ್ಮೆ ನೋಡಿದ ಮಕ್ಕಳು ಮರೆಯುವುದಿಲ್ಲ, ಹೊಟ್ಟೆಯಲ್ಲಿ ಹೈಡ್ರೋಕ್ಲೋರಿಕ್ ಆಮ್ಲ ಇದೆ ಅನ್ನುವ ಪಾಠ ಅಲ್ಲಿಗೆ ಮುಗಿಯಿತು. ಬ್ಯಾಟರಿ ಆ್ಯಸಿಡ್ ಸ್ವಲ್ಪ ತೆಗೆದುಕೊಂಡು ನಲ್ಲಿ ತಿರುಗಿಸಿ ನೀರು ಬಿಡುತ್ತಾ ಹೋಗಲಿ. ಪಿಎಚ್ ಮೇಲೇರುತ್ತದೆ. ಎಷ್ಟು ನೀರು ಬಿಟ್ಟರೂ 7 ಮಾತ್ರ ದಾಟುವುದಿಲ್ಲ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಅಣುಗಳ ಆಕಾರ ತೋರಿಸುವ ಸಿಮ್ಯುಲೇಶನ್ ಫಸ್ಟ್ ಪಿಯುಸಿಗೆ ನೇರವಾಗಿ ಹೊಂದುತ್ತದೆ. ಅಲ್ಲಿ ನೀರಿನ ಅಣುವನ್ನು ಮಾದರಿಯಾಗಿ ನೋಡಿದರೆ ಕೋನ 109.5 ಡಿಗ್ರಿ, ನಿಜವಾದದ್ದನ್ನು ನೋಡಿದರೆ 104.5. ಬಂಧದಲ್ಲಿ ಸೇರದ ಎಲೆಕ್ಟ್ರಾನ್ ಜೋಡಿಗಳು ಜಾಸ್ತಿ ಜಾಗ ಕೇಳುತ್ತವೆ, ಹೈಡ್ರೋಜನ್‌ಗಳನ್ನು ಹತ್ತಿರಕ್ಕೆ ತಳ್ಳುತ್ತವೆ. ನೋಟ್ಸ್‌ನಲ್ಲಿ ಒಂದು ಸಾಲು, ಇಲ್ಲಿ ಬೆರಳಿನಿಂದ ತಿರುಗಿಸಿ ನೋಡುವ ವಸ್ತು.

ಮಾಲ್‌ವ್ಯೂ (MolView) ಸ್ವಲ್ಪ ಬೇರೆ, ಬ್ರೌಸರ್‌ನಲ್ಲೇ ತೆರೆಯುವಂಥದ್ದು. ಇದು ಪಾಠ ಮಾಡುವುದಿಲ್ಲ. ಯಾವುದಾದರೂ ಸಂಯುಕ್ತದ ಹೆಸರನ್ನು ಇಂಗ್ಲಿಷ್‌ನಲ್ಲಿ ಟೈಪ್ ಮಾಡಿದರೆ ಅದರ ರಚನೆ ತೆಗೆದು ಮುಂದಿಡುತ್ತದೆ, ಅಷ್ಟೇ. ಪಬ್‌ಕೆಮ್ ಅನ್ನುವ ಅಮೆರಿಕದ ಸರ್ಕಾರಿ ದತ್ತಸಂಗ್ರಹದಲ್ಲಿ 10 ಕೋಟಿಗೂ ಹೆಚ್ಚು ಸಂಯುಕ್ತಗಳ ವಿವರ ಇದೆ, ಮಾಲ್‌ವ್ಯೂ ಅಲ್ಲಿಂದಲೂ ಹುಡುಕುತ್ತದೆ. ಮೆಣಸಿನಕಾಯಿಯಿಂದಲೇ ಶುರು ಮಾಡಬಹುದು. ಖಾರ ಕೊಡುವುದು ಕ್ಯಾಪ್ಸೈಸಿನ್, ಕೆಂಪು ಬಣ್ಣ ಕೊಡುವುದು ಮುಖ್ಯವಾಗಿ ಕ್ಯಾಪ್ಸಾಂಥಿನ್. ಎರಡನ್ನೂ ತೆಗೆದು ಅಕ್ಕಪಕ್ಕ ನೋಡಲಿ. ಒಂದರಲ್ಲಿ ಬೆಂಜೀನ್ ಉಂಗುರ, ಅದಕ್ಕೊಂದು ಬಾಲ. ಇನ್ನೊಂದು ಉದ್ದಕ್ಕೆ ಚಾಚಿದ ಸರಪಳಿ, ಅದರ ತುಂಬ ಒಂದು ಬಿಟ್ಟು ಒಂದರಂತೆ ಎರಡೆಳೆ ಬಂಧಗಳು. ಬೆಳಕನ್ನು ಹೀರಿ ಬಣ್ಣ ಕೊಡುವುದು ಆ ಸಾಲು. ಎರಡೂ ಬೇರೆ ಬೇರೆ ಅಣುಗಳಾದ್ದರಿಂದಲೇ ಬ್ಯಾಡಗಿ ಮೆಣಸಿನಕಾಯಿಯಲ್ಲಿ ಬಣ್ಣ ಜಾಸ್ತಿ, ಖಾರ ಕಡಿಮೆ ಇರುವುದಕ್ಕೆ ಸಾಧ್ಯ. ಆಮೇಲೆ ಅರಿಸಿನದ ಕರ್ಕ್ಯುಮಿನ್, ಕಾಫಿಯ ಕೆಫೀನ್, ಅವಳೇ ಹುಡುಕಿಕೊಳ್ಳುತ್ತಾಳೆ.

ಒಂದು ಮಾತು ಮಾತ್ರ ಮೊದಲೇ ಹೇಳಿಬಿಡಿ. ಆಕ್ಸಿಜನ್ ಕೆಂಪು, ನೈಟ್ರೋಜನ್ ನೀಲಿ, ಹೈಡ್ರೋಜನ್ ಬಿಳಿ ಅಂತ ಪರದೆಯಲ್ಲಿ ಕಾಣುವುದು ಗುರುತಿಗೆ ಇಟ್ಟುಕೊಂಡ ಬಣ್ಣ. ಪರಮಾಣುವಿಗೆ ಹಾಗೆ ಬಣ್ಣ ಇರುವುದಿಲ್ಲ.

ದುಡ್ಡು ಖರ್ಚು ಮಾಡಲೇಬೇಕು ಅಂತಿದ್ದರೆ ಚೆಂಡು ಕಡ್ಡಿಗಳ ಮಾಲಿಕ್ಯೂಲರ್ ಮಾಡೆಲ್ ಕಿಟ್ ಒಂದು ಕೊಡಿಸಿ. ಮೊಸರಿನಲ್ಲಿರುವ ಲ್ಯಾಕ್ಟಿಕ್ ಆಮ್ಲಕ್ಕೆ ಎಡಗೈ ಬಲಗೈ ಥರದ ಎರಡು ರೂಪಗಳಿವೆ, ಒಂದರ ಮೇಲೊಂದು ಕೂರುವುದಿಲ್ಲ. ಸೆಕೆಂಡ್ ಪಿಯುಸಿಯಲ್ಲಿ ಈ ವಿಷಯ ಬಂದಾಗ ಫೋನ್ ಪರದೆಗಿಂತ ಕೈಯಲ್ಲಿ ಹಿಡಿದು ಹೊಂದಿಸಲು ಒದ್ದಾಡುವುದೇ ಬೇಗ ಅರ್ಥವಾಗುತ್ತದೆ.

ಇನ್ನು ಉತ್ತರ ಕೊಡುವ ಆ್ಯಪ್‌ಗಳು. ಸಮೀಕರಣ ಬರೆದರೆ ಸರಿದೂಗಿಸುತ್ತವೆ, ಕೆಲವು ಫೋಟೊ ತೆಗೆದರೂ ಸಾಕು ಅನ್ನುತ್ತವೆ. ಇವನ್ನು ಪರೀಕ್ಷೆ ಮಾಡುವ ಸುಲಭ ದಾರಿ ಇದೆ. ತಾಮ್ರ ಮತ್ತು ಹೈಡ್ರೋಕ್ಲೋರಿಕ್ ಆಮ್ಲ ಸೇರಿ ತಾಮ್ರದ ಕ್ಲೋರೈಡ್ ಮತ್ತು ಹೈಡ್ರೋಜನ್ ಆಗುತ್ತದೆ ಅಂತ ಬರೆದು ಕೊಡಿ. ಆಮ್ಲದ ಮುಂದೆ 2 ಹಾಕಿ ಚೆನ್ನಾಗಿ ಸರಿದೂಗಿಸಿ ಕೊಡುತ್ತದೆ. ಆದರೆ ಅಂಥ ಕ್ರಿಯೆಯೇ ನಡೆಯುವುದಿಲ್ಲ. ಸಾರರಿಕ್ತ (ನೀರು ಬೆರೆಸಿ ತೆಳು ಮಾಡಿದ) ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ತಾಮ್ರದ ತುಂಡು ಸುಮ್ನೆ ಬಿದ್ದಿರುತ್ತದೆ, ಒಂದು ಗುಳ್ಳೆಯೂ ಏಳುವುದಿಲ್ಲ. ಲೋಹಗಳ ಪಾಠದಲ್ಲಿ ಹತ್ತನೇ ಕ್ಲಾಸಿನಲ್ಲೇ ನಿಮ್ಮ ಮಗಳು ಇದನ್ನು ಓದಿರುತ್ತಾಳೆ. ಸರಿದೂಗಿಸುವುದು ಬರೀ ಲೆಕ್ಕ. ಕ್ರಿಯೆ ನಡೆಯುತ್ತದೋ ಇಲ್ಲವೋ ಅನ್ನುವುದು ಕೆಮಿಸ್ಟ್ರಿ. ಆ್ಯಪ್ ಮಾಡಿದ್ದು ಮೊದಲನೆಯದನ್ನು ಮಾತ್ರ.

ಪಿಎಚ್ ಲೆಕ್ಕ ಮಾಡುವ ಆ್ಯಪ್‌ಗೂ ಒಂದು ಪ್ರಶ್ನೆ ಇದೆ. ಲೀಟರಿಗೆ ಒಂದು ಮೋಲ್‌ನ ಹತ್ತು ಕೋಟಿಯಲ್ಲಿ ಒಂದು ಪಾಲಿನಷ್ಟು ಹೈಡ್ರೋಕ್ಲೋರಿಕ್ ಆಮ್ಲ, ಅಂದರೆ ತೀರಾ ಕಡಿಮೆ ಆಮ್ಲ, ಇದ್ದರೆ ಪಿಎಚ್ ಎಷ್ಟು? ಸೂತ್ರಕ್ಕೆ ಹಾಕಿದರೆ 8 ಬರುತ್ತದೆ. ಅಂದರೆ ಆಮ್ಲ ಬೆರೆಸಿದ ನೀರು ಪ್ರತ್ಯಾಮ್ಲ ಆಗಿಬಿಟ್ಟಿತು! ನೀರಿನಿಂದಲೇ ಬರುವ ಹೈಡ್ರೋಜನ್ ಅಯಾನುಗಳನ್ನೂ ಸೇರಿಸಿಕೊಂಡರೆ ಸರಿಯಾದ ಉತ್ತರ 6.98. ನಲ್ಲಿ ತಿರುಗಿಸಿ 7 ದಾಟಿಸಲು ನೋಡಿ ಸೋತ ಹುಡುಗಿಗೆ 8 ಕಂಡ ಕೂಡಲೇ ಅನುಮಾನ ಬರುತ್ತದೆ. ಬರೀ ಉತ್ತರ ನೋಡಿ ಬರೆದುಕೊಂಡವಳಿಗೆ ಬರುವುದಿಲ್ಲ. ಪ್ರಶ್ನೆ ಕೇಳಿದರೆ ಮಾತಿನಲ್ಲಿ ಉತ್ತರಿಸುವ ಎಐ ಚಾಟ್‌ಗಳಿಗೂ ಇದೇ ಎರಡು ಪ್ರಶ್ನೆ ಹಾಕಿ ನೋಡಿ. ಸರಿ ಹೇಳಿದರೂ ತಪ್ಪು ಹೇಳಿದರೂ ಅವುಗಳ ಧಾಟಿ ಒಂದೇ ಇರುತ್ತದೆ.

ಆವರ್ತಕ ಕೋಷ್ಟಕದ ಆ್ಯಪ್‌ಗೆ ಜಾಸ್ತಿ ತಲೆಕೆಡಿಸಿಕೊಳ್ಳಬೇಡಿ. ಯಾವುದಾದರೂ ಒಂದು ಸಾಕು. 113, 115, 117, 118ನೇ ಧಾತುಗಳಿಗೆ ನಿಹೋನಿಯಂ, ಮಾಸ್ಕೋವಿಯಂ, ಟೆನೆಸಿನ್, ಒಗನೆಸಾನ್ ಅಂತ ಹೆಸರು ಖಾಯಂ ಆದದ್ದು 2016ರಲ್ಲಿ. ಆ ಹೆಸರುಗಳು ಇಲ್ಲದಿದ್ದರೆ ಆ್ಯಪ್ ಹಳೆಯದು ಅಂತ ಲೆಕ್ಕ. ಕ್ಲೋರಿನ್‌ನ ಪರಮಾಣು ತೂಕ ಆ್ಯಪ್‌ನಲ್ಲಿ 35.45, ಪುಸ್ತಕದಲ್ಲಿ 35.5 ಇದ್ದರೆ ಗಾಬರಿ ಬೇಡ, ಎರಡೂ ಸರಿ. ಹತ್ತನೇ ಕ್ಲಾಸಿನ ಪಾಠ ಕನ್ನಡದಲ್ಲೇ ಮತ್ತೆ ನೋಡಬೇಕು ಅನಿಸಿದರೆ ಸರ್ಕಾರದ ದೀಕ್ಷಾ ಆ್ಯಪ್ ಹಾಕಿಕೊಂಡು ಹಳೇ ಪಠ್ಯಪುಸ್ತಕದ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಲಿ.

ವರ್ಚುವಲ್ ಲ್ಯಾಬ್‌ಗಳ ಬಗ್ಗೆ ನನ್ನದು ಮಿಶ್ರ ಅಭಿಪ್ರಾಯ. ಅಮೃತ ವಿಶ್ವ ವಿದ್ಯಾಪೀಠ ಮತ್ತು ಮುಂಬೈಯ ಸಿ-ಡ್ಯಾಕ್ (ಸರ್ಕಾರಿ ಕಂಪ್ಯೂಟರ್ ಸಂಶೋಧನಾ ಸಂಸ್ಥೆ) ಸೇರಿ ಮಾಡಿದ ಓಲ್ಯಾಬ್ಸ್‌ನಲ್ಲಿ (OLabs) 9ರಿಂದ 12ನೇ ತರಗತಿವರೆಗಿನ ಪ್ರಯೋಗಗಳಿವೆ, ಉಚಿತ. ಪ್ರಾಕ್ಟಿಕಲ್‌ನ ಹಿಂದಿನ ರಾತ್ರಿ ಯಾವುದಾದ ಮೇಲೆ ಯಾವುದು ಅಂತ ಒಮ್ಮೆ ನೋಡಿಕೊಳ್ಳಲು ಅದು ಬಹಳ ಉಪಯೋಗ. ಕೈ ಪಳಗುವುದಕ್ಕೆ ಮಾತ್ರ ಲ್ಯಾಬೇ ಬೇಕು. ಪೊಟ್ಯಾಶಿಯಂ ಪರ್ಮಾಂಗನೇಟ್ ಟೈಟ್ರೇಶನ್ ತೆಗೆದುಕೊಳ್ಳಿ, ಒಂದು ದ್ರಾವಣಕ್ಕೆ ಇನ್ನೊಂದನ್ನು ಹನಿ ಹನಿಯಾಗಿ ಬಿಟ್ಟು ಅಳೆಯುವ ಪ್ರಯೋಗ. ಕಡು ನೇರಳೆ ಬಣ್ಣದಲ್ಲಿ ಕೆಳಗಿನ ಅಂಚು ಕಾಣುವುದಿಲ್ಲ ಅಂತ ಬ್ಯೂರೆಟ್‌ನಲ್ಲಿ (ಹನಿ ಬಿಡುವ ಅಳತೆಯ ಗಾಜಿನ ಕೊಳವೆ) ಮೇಲಿನ ಅಂಚಿನ ರೀಡಿಂಗ್ ತೆಗೆದುಕೊಳ್ಳಬೇಕು. ಆಕ್ಸಾಲಿಕ್ ಆಮ್ಲವನ್ನು ಬಿಸಿ ಮಾಡಿಕೊಂಡಿರಬೇಕು. ತಿಳಿ ಗುಲಾಬಿ ಬಣ್ಣ ಬಂದು ನಿಂತ ಆ ಒಂದು ಹನಿಗೆ ನಿಲ್ಲಿಸಬೇಕು. ಆ್ಯಪ್‌ನಲ್ಲಿ ಬಟನ್ ಒತ್ತಿದರೆ ಹನಿ ನಿಲ್ಲುತ್ತದೆ, ಗಾಜಿನ ತಿರುಗಣೆ ಹಾಗೆ ಮಾತು ಕೇಳುವುದಿಲ್ಲ.

ರಾಸಾಯನಿಕಗಳನ್ನು ಬೆರೆಸಿ ಆಡುವ ಆ್ಯಪ್‌ಗಳೂ ಇವೆ. ಫೋನನ್ನೇ ಬೀಕರ್ ಮಾಡಿಬಿಡುವ 'ಬೀಕರ್', ಅದೇ ಕಂಪನಿಯ 'ಕೆಮಿಸ್ಟ್' ಅಂಥವು. ಸೋಡಿಯಂ ನೀರಿಗೆ ಹಾಕಿ ಬೆಂಕಿ ಏಳುವುದನ್ನು ಕೂತಲ್ಲೇ ನೋಡಬಹುದು. ಆಡಲಿ, ತಪ್ಪೇನಿಲ್ಲ. ಮನೆಯಲ್ಲಿ ಚಿಕ್ಕ ತಮ್ಮನೋ ತಂಗಿಯೋ ಇದ್ದರೆ ಮಾತ್ರ ಗಮನ ಇರಲಿ, ಪರದೆಯಲ್ಲಿ ಮಾಡಿದ್ದನ್ನು ಬಚ್ಚಲುಮನೆಯಲ್ಲಿ ಮಾಡಿ ನೋಡುವ ವಯಸ್ಸು ಅದು. ಬಹುತೇಕ ಟಾಯ್ಲೆಟ್ ಕ್ಲೀನರ್‌ಗಳಲ್ಲಿ ಹೈಡ್ರೋಕ್ಲೋರಿಕ್ ಆಮ್ಲ ಇರುತ್ತದೆ. ಅದಕ್ಕೆ ಬ್ಲೀಚ್ ಬಿದ್ದರೆ ಕ್ಲೋರಿನ್ ಅನಿಲ ಏಳುತ್ತದೆ, ಮುಚ್ಚಿದ ಬಚ್ಚಲಿನಲ್ಲಿ ಅದು ಶ್ವಾಸಕೋಶಕ್ಕೆ ನೇರ ಅಪಾಯ. ಮಕ್ಕಳ ಕೈಗೆ ಎಟುಕದ ಹಾಗೆ ಎರಡನ್ನೂ ಬೇರೆ ಬೇರೆ ಕಡೆ ಇಡಿ. ಬಚ್ಚಲು ತೊಳೆಯುವವರು ಯಾರೇ ಇರಲಿ, ಅವರಿಗೂ ಹೇಳಿ.