25 ಗುಲಗಂಜಿ ತೂಕದ ಹಕ್ಕಿಯ ಕಾಲಿಗೊಂದು ಉಂಗುರ

2010ರ ಜನವರಿ. ಅಮೆರಿಕದ ಫ್ಲಾರಿಡಾದ ಟಲಹಾಸಿಯಲ್ಲಿ ಒಂದು ರೂಫಸ್ ಹಮ್ಮಿಂಗ್‌ಬರ್ಡ್ ಹಿಡಿದು, ಅದರ ಕಾಲಿಗೆ ಅಲ್ಯೂಮಿನಿಯಂ ಉಂಗುರ ತೊಡಿಸಿ ಬಿಟ್ಟರು. ಅದೇ ವರ್ಷದ ಜೂನ್‌ನಲ್ಲಿ ಅಲಾಸ್ಕಾದ ಚೆನೆಗಾ ಬೇ ಎಂಬ ಪುಟ್ಟ ಹಳ್ಳಿಯಲ್ಲಿ ಇನ್ನೊಬ್ಬರು ಇದೇ ಕೆಲಸಕ್ಕೆ ಕೂತಿದ್ದರು. ಕೈಗೆ ಬಂದ ಒಂದು ಹಕ್ಕಿಯ ಕಾಲಲ್ಲಿ ಆಗಲೇ ಉಂಗುರ ಇತ್ತು. ನಂಬರ್ ಓದಿ ದಾಖಲೆ ಹುಡುಕಿದರೆ, ಅದು ಟಲಹಾಸಿಯ ಹಕ್ಕಿ! ನೇರ ಗೆರೆ ಎಳೆದು ಅಳೆದರೂ 5,600 ಕಿಲೋಮೀಟರ್‌ಗಿಂತ ಜಾಸ್ತಿ ದೂರ.

ಆ ಹಕ್ಕಿಯ ತೂಕ ಹೆಚ್ಚುಕಡಿಮೆ ಮೂರು ಗ್ರಾಂ. ನಮ್ಮ ಹೊಸ ಒಂದು ರೂಪಾಯಿ ನಾಣ್ಯವೂ ಅಷ್ಟೇ ತೂಗುತ್ತದೆ. ಅಕ್ಕಸಾಲಿಗರ ಹಳೇ ಲೆಕ್ಕದಲ್ಲಿ 25 ಗುಲಗಂಜಿ.

ಹಮ್ಮಿಂಗ್‌ಬರ್ಡ್ ಅಂದಾಗ ನಮ್ಮಲ್ಲಿ ಹಲವರಿಗೆ ಹಿತ್ತಲಿನ ದಾಸವಾಳಕ್ಕೆ ಬರುವ ಸೂರಕ್ಕಿ ನೆನಪಾಗುತ್ತದೆ. ಎರಡೂ ಮಕರಂದ ಕುಡಿಯುತ್ತವೆ, ಎರಡೂ ಪುಟ್ಟವು, ಹೊಳೆಯುವ ಬಣ್ಣದವು. ಆದರೆ ಅವು ಒಂದೇ ಕುಟುಂಬದವಲ್ಲ. ಹಮ್ಮಿಂಗ್‌ಬರ್ಡ್ ಇರುವುದು ಅಮೆರಿಕ ಖಂಡಗಳಲ್ಲಿ ಮಾತ್ರ. ಸೂರಕ್ಕಿ ಸಾಮಾನ್ಯವಾಗಿ ಕೊಂಬೆ ಹಿಡಿದು ಕೂತು ಕುಡಿದರೆ, ಇದು ಹೂವಿನ ಮುಂದೆ ಗಾಳಿಯಲ್ಲೇ ನಿಂತು ಕುಡಿಯುತ್ತದೆ. ಸೆಕೆಂಡಿಗೆ 50ರಷ್ಟು ಸಲ ರೆಕ್ಕೆ ಬಡಿಯುತ್ತದೆ. ಆ ಗುಂಯ್‌ಗುಡುವ ಸದ್ದಿನಿಂದಲೇ ಅದಕ್ಕೆ ಆ ಹೆಸರು ಬಂತು.

ಇಷ್ಟು ಸಣ್ಣ ಜೀವ ಸಾವಿರಾರು ಕಿಲೋಮೀಟರ್ ಹಾರುತ್ತದೆ ಎಂದರೆ ಹಿಂದಿನವರು ನಂಬುವುದಾದರೂ ಹೇಗೆ? ಹೆಬ್ಬಾತುಗಳ ಬೆನ್ನೇರಿ ಹಮ್ಮಿಂಗ್‌ಬರ್ಡ್ ವಲಸೆ ಹೋಗುತ್ತದೆ ಎಂಬ ಮಾತು ಅಮೆರಿಕದಲ್ಲಿ ಬಹಳ ಕಾಲ ಓಡಾಡಿತ್ತು. ಆ ಕಥೆಯ ಜಾಗಕ್ಕೆ ನಿಜ ಬಂದದ್ದು ಮೆಲ್ಲಮೆಲ್ಲಗೆ. ಅದನ್ನು ತಂದವರಲ್ಲಿ ವಿಜ್ಞಾನಿಗಳ ಜೊತೆ ಶಾಲಾ ಮೇಷ್ಟ್ರು, ಎಲೆಕ್ಟ್ರೀಷಿಯನ್, ಮನೆಯ ಅಂಗಳದಲ್ಲಿ ಹೂಗಿಡ ಬೆಳೆಸಿದವರು ಎಲ್ಲರೂ ಇದ್ದರು. ಈ ವಿಷಯ ನನ್ನನ್ನು ಹಿಡಿದಿಟ್ಟುಕೊಂಡಿರುವುದೇ ಅದಕ್ಕೆ.

ಮೊದಲು ಬಂದದ್ದು ಉಂಗುರವಲ್ಲ, ಕಾರ್ಡು. 1881ರಲ್ಲಿ ಮಿನೆಸೋಟದಲ್ಲಿ ಮೇಷ್ಟ್ರಾಗಿದ್ದ ವೆಲ್ಸ್ ಕುಕ್ ಎಂಬುವರು, ವಸಂತದಲ್ಲಿ ಯಾವ ಹಕ್ಕಿ ಯಾವ ದಿನ ಮೊದಲು ಕಂಡಿತು ಎಂದು ಬರೆದಿಡಲು ಶುರು ಮಾಡಿದರು. ಬೇರೆ ಊರುಗಳ ಗೆಳೆಯರನ್ನೂ ಬರೆಯಲು ಕೇಳಿದರು. ಸಂಬಳ ಇಲ್ಲ, ಸುಮ್ನೆ ಹಕ್ಕಿ ಮೇಲಿನ ಪ್ರೀತಿ. ಮುಂದೆ ಅದು ಸರ್ಕಾರದ ಕಾರ್ಯಕ್ರಮವೇ ಆಗಿ 1970ರವರೆಗೆ ನಡೆಯಿತು. ಕೂಡಿದ ಕಾರ್ಡುಗಳು ಸುಮಾರು 60 ಲಕ್ಷ. ಈ ಕಾರ್ಡುಗಳು ಮುಂದೆ ಎಂಥ ಕೆಲಸಕ್ಕೆ ಬಂದವು ಎಂಬುದನ್ನು ಆಮೇಲೆ ಹೇಳುತ್ತೇನೆ.

ಆದರೆ ಕಾರ್ಡಿಗೆ ಒಂದು ಮಿತಿ ಇತ್ತು. ಹಕ್ಕಿ ಬಂತು ಎಂದು ಅದು ಹೇಳುತ್ತದೆ, ಯಾವ ಹಕ್ಕಿ ಎಂದು ಹೇಳುವುದಿಲ್ಲ. ಹೋದ ವರ್ಷ ಬಂದದ್ದೇ ಮತ್ತೆ ಬಂತೇ ಅಥವಾ ಬೇರೆಯದೇ? ಅದಕ್ಕೆ ಗುರುತು ಬೇಕು. 19ನೇ ಶತಮಾನದ ಮೊದಲಲ್ಲಿ ಹಕ್ಕಿಗಳ ಚಿತ್ರಕಾರ ಜಾನ್ ಜೇಮ್ಸ್ ಆಡುಬಾನ್ ಪೆನ್ಸಿಲ್ವೇನಿಯಾದಲ್ಲಿ ಫೀಬಿ ಹಕ್ಕಿಯ ಮರಿಗಳ ಕಾಲಿಗೆ ಬೆಳ್ಳಿ ದಾರ ಕಟ್ಟಿ, ಮರುವರ್ಷ ಅವನ್ನೇ ಕಂಡೆ ಎಂದು ಬರೆದುಕೊಂಡರು. ಈಚಿನ ಸಂಶೋಧಕರು ಆ ಕಥೆಯನ್ನು ಅನುಮಾನಿಸಿದ್ದಾರೆ, ಆ ವಸಂತದಲ್ಲಿ ಅವರು ಫ್ರಾನ್ಸಿನಲ್ಲಿದ್ದರಂತೆ. ಅನುಮಾನಕ್ಕೆ ಎಡೆಯಿಲ್ಲದ ಕೆಲಸ ಶುರುವಾದದ್ದು 1899ರಲ್ಲಿ. ಡೆನ್ಮಾರ್ಕಿನ ವಿಬೋರ್ಗ್ ಊರಿನ ಶಿಕ್ಷಕ ಹ್ಯಾನ್ಸ್ ಮಾರ್ಟೆನ್ಸನ್, ನಂಬರ್ ಮತ್ತು ವಿಳಾಸ ಇರುವ ಅಲ್ಯೂಮಿನಿಯಂ ಉಂಗುರಗಳನ್ನು ಸ್ಟಾರ್ಲಿಂಗ್ ಹಕ್ಕಿಗಳ ಕಾಲಿಗೆ ತೊಡಿಸಿದರು. ಮತ್ತೆ ಒಬ್ಬ ಮೇಷ್ಟ್ರು! 1902ರಲ್ಲಿ ವಿಜ್ಞಾನಿ ಪಾಲ್ ಬಾರ್ಟ್ಶ್ ಅದನ್ನು ವಾಷಿಂಗ್ಟನ್ ಸುತ್ತ ಕೊಕ್ಕರೆ ಜಾತಿಯ ಹಕ್ಕಿಗಳ ಮೇಲೆ ಮಾಡಿದರು. 1918ರಲ್ಲಿ ವಲಸೆ ಹಕ್ಕಿಗಳ ರಕ್ಷಣೆಗೆ ಕಾನೂನು ಬಂತು. 1920ರಲ್ಲಿ ಉಂಗುರದ ಕೆಲಸ ಸರ್ಕಾರದ ಕೈಗೆ ಹೋಗಿ, ಫ್ರೆಡರಿಕ್ ಲಿಂಕನ್ ಅದರ ಹೊಣೆ ಹೊತ್ತರು. ಇವತ್ತಿಗೂ ಅಮೆರಿಕದಲ್ಲಿ ಉಂಗುರ ಹಾಕಲು ಸರ್ಕಾರದ ಪರವಾನಗಿ ಬೇಕು. ಹಮ್ಮಿಂಗ್‌ಬರ್ಡ್‌ಗೆ ಹಾಕಬೇಕಾದರೆ ಬೇರೆಯದೇ ಒಪ್ಪಿಗೆ ಬೇಕು.

ಇಲ್ಲಿ ನಮ್ಮ ಮಲೆನಾಡಿನ ಒಂದು ನಂಟನ್ನು ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮಂಗನ ಕಾಯಿಲೆ ಕಾಣಿಸಿತು. ಅದರ ವೈರಸ್ ರಷ್ಯಾದ ಕಡೆಯ, ಉಣುಗಿನಿಂದ ಹರಡುವ ಜ್ವರದ ವೈರಸ್‌ಗೆ ಹತ್ತಿರದ್ದಾಗಿತ್ತು. ವಲಸೆ ಹಕ್ಕಿಗಳ ಮೈಮೇಲಿನ ಉಣುಗು ಅದನ್ನು ಇಲ್ಲಿಗೆ ತಂದಿರಬಹುದೇ ಎಂಬ ಪ್ರಶ್ನೆ ಎದ್ದಿತು. ಆ ಪ್ರಶ್ನೆಯ ಬೆನ್ನಿಗೇ, ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ, 1959ರಲ್ಲಿ ಸಲೀಂ ಅಲಿ ಅವರ ಮುಂದಾಳತ್ವದಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ ದೊಡ್ಡ ಮಟ್ಟದಲ್ಲಿ ಹಕ್ಕಿಗಳಿಗೆ ಉಂಗುರ ಹಾಕಲು ಶುರು ಮಾಡಿತು. ಭಾರತದ ವಲಸೆ ಹಕ್ಕಿಗಳ ಅಧ್ಯಯನದ ಹಿಂದೆ ನಮ್ಮ ಕ್ಯಾಸನೂರಿನ ಹೆಸರಿದೆ ಎಂಬುದು ಎಷ್ಟು ಜನಕ್ಕೆ ಗೊತ್ತು?

ಮತ್ತೆ ಹಮ್ಮಿಂಗ್‌ಬರ್ಡ್ ಕಡೆ ಬರೋಣ. ಬೇರೆ ಹಕ್ಕಿಗಳಿಗೆ ಲಕ್ಷಗಟ್ಟಲೆ ಉಂಗುರ ಬಿದ್ದರೂ ಇದರ ಸರದಿ ಬರಲು ದಶಕಗಳೇ ಬೇಕಾದವು. ಕಾರಣ ಸರಳ: ಕಾಲು ಅಷ್ಟು ಸಣ್ಣದು. ದೊಡ್ಡ ಹಕ್ಕಿಗಳ ಉಂಗುರ ಸಿದ್ಧವಾಗಿ ಬರುತ್ತದೆ. ಇದರದ್ದು ತೆಳ್ಳನೆಯ ಅಲ್ಯೂಮಿನಿಯಂ ಹಾಳೆಯ ಮೇಲೆ ನಂಬರ್ ಮುದ್ರಿಸಿ ಬರುತ್ತದೆ. ಅದನ್ನು ಕತ್ತರಿಸಿ, ಅಂಚು ಉಜ್ಜಿ ನಯ ಮಾಡಿ, ದುಂಡಗೆ ಬಗ್ಗಿಸುವುದು ಉಂಗುರ ಹಾಕುವವರದೇ ಕೆಲಸ. ಒಳಗಿನ ಅಗಲ ಒಂದೂವರೆ ಮಿಲಿಮೀಟರ್ ಕೂಡ ಇರುವುದಿಲ್ಲ. ಅಂಚು ಚೂರು ಒರಟಾಗಿದ್ದರೂ ಕಾಲಿಗೆ ಗಾಯ. ಹಾಗಾಗಿ ಭೂತಗನ್ನಡಿ ಹಿಡಿದು ಒಂದೊಂದನ್ನೂ ನೋಡುತ್ತಾರೆ. ಇಂಥ ಕೆಲಸಕ್ಕೆ ತಾಳ್ಮೆ ಬೇಕು, ಅದನ್ನು ಕಲಿಸುವ ಗುರುವೂ ಬೇಕು.

ಲೆಕ್ಕದಲ್ಲೂ ಈ ಹಕ್ಕಿ ಜನರನ್ನು ತಬ್ಬಿಬ್ಬು ಮಾಡಿತ್ತು. ಅಮೆರಿಕದ ಪೂರ್ವ ಭಾಗದಲ್ಲಿ ಮರಿ ಮಾಡುವುದು ಕೆಂಪು ಕೊರಳಿನ ರೂಬಿ ಥ್ರೋಟೆಡ್ ಹಮ್ಮಿಂಗ್‌ಬರ್ಡ್. ಅದು ಚಳಿಗಾಲ ಕಳೆಯುವುದು ಮೆಕ್ಸಿಕೊ ಮತ್ತು ಮಧ್ಯ ಅಮೆರಿಕದಲ್ಲಿ. ನಡುವೆ ಮೆಕ್ಸಿಕೊ ಕೊಲ್ಲಿ. ಅಡ್ಡಲಾಗಿ ಹಾರಿದರೆ ಸುಮಾರು 800 ಕಿಲೋಮೀಟರ್ ನೀರು. ಕೂರಲು ಒಂದು ಕಡ್ಡಿಯೂ ಇಲ್ಲ. 1950ರ ಸುಮಾರಿಗೆ ಅದರ ಉಸಿರಾಟ ಅಳೆದು ಲೆಕ್ಕ ಹಾಕಿದಾಗ, ಇಷ್ಟು ದೂರಕ್ಕೆ ಮೈಯಲ್ಲಿರುವ ಕೊಬ್ಬು ಸಾಲುವುದಿಲ್ಲ ಎಂದು ಬಂತು. 1962ರಲ್ಲಿ ರಾಬರ್ಟ್ ಲಾಸಿವ್ಸ್ಕಿ ಮತ್ತೆ ಅಳೆದು, ಸಾಲುತ್ತದೆ ಎಂದು ತೋರಿಸಿದರು. ಹೊರಡುವ ಮೊದಲು ಹಕ್ಕಿ ತಿಂದು ತಿಂದು ತೂಕವನ್ನು ಎರಡು ಪಟ್ಟು ಮಾಡಿಕೊಳ್ಳುತ್ತದೆ. ಮೂರು ಗ್ರಾಂ ಇದ್ದದ್ದು ಆರು ಆಗುತ್ತದೆ. ಆ ಮೂರು ಗ್ರಾಂ ಕೊಬ್ಬೇ ಅದರ ಬುತ್ತಿ.

ಮನೆಯ ಅಂಗಳದಿಂದ ಈ ವಿಜ್ಞಾನಕ್ಕೆ ದೊಡ್ಡ ತಿರುವು ಬಂದದ್ದು 1979ರಲ್ಲಿ. ಲೂಸಿಯಾನಾದ ನ್ಯಾನ್ಸಿ ನ್ಯೂಫೀಲ್ಡ್ ತಮ್ಮ ಅಂಗಳಕ್ಕೆ ಚಳಿಗಾಲದಲ್ಲಿ ಬರುತ್ತಿದ್ದ ಹಮ್ಮಿಂಗ್‌ಬರ್ಡ್‌ಗಳಿಗೆ ಉಂಗುರ ಹಾಕತೊಡಗಿದರು. ಚಳಿಗಾಲದಲ್ಲಿ ಅಲ್ಲಿ ಈ ಹಕ್ಕಿ ಇರಲೇಬಾರದು, ಇದ್ದರೆ ದಾರಿ ತಪ್ಪಿದ್ದು, ಸಾಯುವಂಥದ್ದು ಎಂದೇ ಎಲ್ಲರೂ ತಿಳಿದಿದ್ದ ಕಾಲ ಅದು. ಹಕ್ಕಿಗೆಂದು ನೇತುಹಾಕಿದ ಸಕ್ಕರೆ ನೀರಿನ ಬಾಟಲಿಯನ್ನು ಶರತ್ಕಾಲದಲ್ಲಿ ತೆಗೆದುಬಿಡಿ, ಇಲ್ಲದಿದ್ದರೆ ಹಕ್ಕಿ ವಲಸೆ ಹೋಗುವುದಿಲ್ಲ ಎಂದು ಜನ ಹೇಳುತ್ತಿದ್ದರು. ಆದರೆ ಉಂಗುರ ಬೇರೆಯೇ ಕಥೆ ಹೇಳಿತು. ಅದೇ ಹಕ್ಕಿ ಮರುವರ್ಷ ಅದೇ ಅಂಗಳಕ್ಕೆ ಬಂತು. ಸತ್ತಿರಲಿಲ್ಲ, ದಾರಿಯೂ ತಪ್ಪಿರಲಿಲ್ಲ. ರೂಫಸ್ ಹಕ್ಕಿಗಳಲ್ಲಿ ಒಂದಷ್ಟು ಅಮೆರಿಕದ ಆಗ್ನೇಯ ಭಾಗದಲ್ಲೇ ಚಳಿಗಾಲ ಕಳೆಯುತ್ತವೆ ಎಂಬುದು ಹೀಗೆ ಖಚಿತವಾಯಿತು. ಟಲಹಾಸಿಯ ಹಕ್ಕಿ ಆ ಕಥೆಯದೇ ಮುಂದುವರಿಕೆ.

ಅಲಬಾಮಾದ ಬಾಬ್ ಸಾರ್ಜೆಂಟ್ ವೃತ್ತಿಯಲ್ಲಿ ಎಲೆಕ್ಟ್ರೀಷಿಯನ್. ಅವರೂ ಅವರ ಹೆಂಡತಿ ಮಾರ್ಥಾ ಅವರೂ ಸೇರಿ, ಕೊಲ್ಲಿಯ ದಂಡೆಯ ಫೋರ್ಟ್ ಮಾರ್ಗನ್‌ನಲ್ಲಿ ಎರಡು ದಶಕಕ್ಕೂ ಹೆಚ್ಚು ಕಾಲ ವಲಸೆಯ ಹೊತ್ತಿಗೆ ಉಂಗುರದ ಶಿಬಿರ ನಡೆಸಿದರು. ಜಾಗ ಆರಿಸಿದ್ದರಲ್ಲೇ ಬುದ್ಧಿ ಇದೆ. ಕಡಲು ದಾಟಿ ಬರುವ ಹಕ್ಕಿಗೆ ಮೊದಲು ಸಿಗುವ ನೆಲಗಳಲ್ಲಿ ಅದೂ ಒಂದು. ಏಪ್ರಿಲ್‌ನಲ್ಲಿ ಅಲ್ಲಿ ಬಂದಿಳಿಯುವ ಹಕ್ಕಿಯ ಎದೆ ಮೂಳೆ ಕತ್ತಿಯ ಅಂಚಿನ ಹಾಗೆ ಚುಚ್ಚುತ್ತಿರುತ್ತದೆ, ಬುತ್ತಿ ಅಷ್ಟೂ ಖಾಲಿ. ಶಾಲಾ ಮಕ್ಕಳು, ನಿವೃತ್ತರು, ಪ್ರವಾಸಕ್ಕೆ ಬಂದವರು ಎಲ್ಲರೂ ಅಲ್ಲಿ ಹಕ್ಕಿಯನ್ನು ಹತ್ತಿರದಿಂದ ನೋಡಿದರು. ಬಾಬ್ 2014ರಲ್ಲಿ ತೀರಿಕೊಂಡರು. ಅವರ ಕೈಯಲ್ಲಿ ಕಲಿತ ಅನೇಕರು ಬೇರೆ ಬೇರೆ ರಾಜ್ಯಗಳಲ್ಲಿ ಉಂಗುರ ಹಾಕುವವರಾದರು.

ಪಶ್ಚಿಮದಲ್ಲಿ ಇದೇ ಬಗೆಯ ಊರು ಅರಿಜೋನಾದ ಸಿಯೆರಾ ವಿಸ್ಟಾ. ಹತ್ತಿರದ ಸ್ಯಾನ್ ಪೆಡ್ರೊ ನದಿ ಮೆಕ್ಸಿಕೊದಲ್ಲಿ ಹುಟ್ಟಿ ಉತ್ತರಕ್ಕೆ ಹರಿಯುತ್ತದೆ. ಮರುಭೂಮಿಯ ನಡುವೆ ಅದರ ದಡದ ಮರಗಳೇ ಹಕ್ಕಿಗಳಿಗೆ ಹೆದ್ದಾರಿ. 1988ರಲ್ಲಿ ಅಮೆರಿಕದ ಸಂಸತ್ತು ಆ ದಡವನ್ನು ರಕ್ಷಿತ ಪ್ರದೇಶ ಮಾಡಿತು. ಶೆರಿ ವಿಲಿಯಮ್ಸನ್ ಮತ್ತು ಟಾಮ್ ವುಡ್ ಕಟ್ಟಿದ ಒಂದು ಪಕ್ಷಿ ಅಧ್ಯಯನ ಸಂಸ್ಥೆ ಅಲ್ಲಿ ವರ್ಷಗಟ್ಟಲೆ ಜನರ ಎದುರೇ ಉಂಗುರ ಹಾಕಿದೆ. 2002ರಲ್ಲಿ ಅದೇ ರಾಜ್ಯದ ಪ್ಯಾಟಗೋನಿಯಾದಲ್ಲಿ ಸೂಸನ್ ವೆದಿಂಗ್ಟನ್ ಹಮ್ಮಿಂಗ್‌ಬರ್ಡ್ ಮಾನಿಟರಿಂಗ್ ನೆಟ್‌ವರ್ಕ್ ಶುರು ಮಾಡಿದರು. ಎರಡು ವಾರಕ್ಕೊಮ್ಮೆ, ಸೂರ್ಯ ಹುಟ್ಟಿದ ಹೊತ್ತಿನಿಂದ ಐದು ಗಂಟೆ, ಎಲ್ಲ ಕಡೆಯೂ ಒಂದೇ ರೀತಿ. ಒಂದು ಊರಿನ ಲೆಕ್ಕವನ್ನು ಇನ್ನೊಂದರ ಜೊತೆ ಹೋಲಿಸಲು ಇದರಿಂದ ಸಾಧ್ಯವಾಯಿತು.

ಆ ಐದು ಗಂಟೆ ಹೇಗಿರುತ್ತದೆ? ಒಂದು ಪಾಲು ಸಕ್ಕರೆಗೆ ನಾಲ್ಕು ಪಾಲು ನೀರು ಬೆರೆಸಿ ಬಾಟಲಿಯಲ್ಲಿ ನೇತುಹಾಕುತ್ತಾರೆ. ಅದರ ಸುತ್ತ ಬಲೆಯ ಪರದೆ ಅಥವಾ ಪಂಜರ. ಹಕ್ಕಿ ಕುಡಿಯಲು ಬಂದಾಗ ಸ್ವಯಂಸೇವಕರೊಬ್ಬರು ಬಾಗಿಲು ಇಳಿಸುತ್ತಾರೆ. ಅದನ್ನು ಮೆಲ್ಲಗೆ ತೆಗೆದು ಜಾಲರಿ ಚೀಲದಲ್ಲಿ ಮೇಜಿಗೆ ತರುತ್ತಾರೆ. ಉಂಗುರ ಹಾಕುವವರು ನೈಲಾನ್ ಕಾಲುಚೀಲದ ತುಂಡಿನಲ್ಲಿ ಅದನ್ನು ಸುತ್ತಿ ಹಿಡಿಯುತ್ತಾರೆ. ವಿಶೇಷ ಇಕ್ಕಳದಿಂದ ಉಂಗುರ ಮುಚ್ಚುತ್ತಾರೆ. ರೆಕ್ಕೆ, ಬಾಲ, ಕೊಕ್ಕು ಅಳೆಯುತ್ತಾರೆ. ಸ್ಟ್ರಾ ಇಟ್ಟು ಹೊಟ್ಟೆಯ ಮೇಲೆ ಊದಿದರೆ ಗರಿ ಪಕ್ಕಕ್ಕೆ ಸರಿದು, ಚರ್ಮದಡಿ ಕೊಬ್ಬು ಎಷ್ಟಿದೆ ಎಂಬುದು ಕಾಣುತ್ತದೆ. ಕೊಕ್ಕಿನ ಮೇಲೆ ಸಣ್ಣ ಗೀರುಗಳು ಸಾಲಾಗಿದ್ದರೆ ಎಳೆಯ ಹಕ್ಕಿ, ನುಣುಪಾಗಿದ್ದರೆ ದೊಡ್ಡದು. ಒಬ್ಬರು ಕೂಗಿ ಹೇಳಿದ್ದನ್ನು ಇನ್ನೊಬ್ಬರು ಪುಸ್ತಕಕ್ಕೆ ಬರೆಯುತ್ತಾರೆ. ತಕ್ಕಡಿಗೆ ಇಟ್ಟು ತೂಗಿದ ಮೇಲೆ ಸಕ್ಕರೆ ನೀರು ಕುಡಿಸುತ್ತಾರೆ. ಎಲ್ಲ ಕೆಲವೇ ನಿಮಿಷದಲ್ಲಿ ಮುಗಿಯಬೇಕು.

ಇಷ್ಟು ಪುಟ್ಟ ಜೀವವನ್ನು ಹಿಡಿದು ಕಾಡಿಸುವುದು ಸರಿಯೇ ಎಂದು ಯಾರಾದರೂ ಕೇಳಿದರೆ, ಅದು ಕೇಳಲೇಬೇಕಾದ ಪ್ರಶ್ನೆ. ಅಪಾಯ ಇಲ್ಲ ಎಂದು ಹೇಳಲಾಗದು. ಅದಕ್ಕೇ ಪರವಾನಗಿ ಇಷ್ಟು ಬಿಗಿ. ಸ್ವಯಂಸೇವಕರು ಬಾಗಿಲು ಇಳಿಸಬಹುದು, ಬರೆದುಕೊಳ್ಳಬಹುದು, ಆದರೆ ಉಂಗುರ ತೊಡಿಸುವುದು ತರಬೇತಿ ಪಡೆದವರು ಮಾತ್ರ. ಇನ್ನು ಉಪಗ್ರಹಕ್ಕೆ ಸಂದೇಶ ಕಳಿಸುವ ಯಂತ್ರ ಕಟ್ಟೋಣ ಎಂದರೆ ಅದು ಈ ಹಕ್ಕಿ ಹೊರಲಾರದ ಭಾರ. ಮೈತೂಕದ ನೂರಕ್ಕೆ ಮೂರು ಪಾಲು ಮೀರಬಾರದು ಎಂಬುದು ಸಂಶೋಧಕರು ಬಹುಕಾಲ ಪಾಲಿಸಿದ ಲೆಕ್ಕ. ಮೂರು ಗ್ರಾಂ ಹಕ್ಕಿಗೆ ಅದು ಒಂದು ಗುಲಗಂಜಿಗಿಂತ ಕಡಿಮೆ. ನೂರು ವರ್ಷದ ಹಳೇ ಉಂಗುರ ಇಂದಿಗೂ ಕೆಲಸದಲ್ಲಿರುವುದು ಅದಕ್ಕೆ.

ಅದು ತಿಳಿಸಿಕೊಟ್ಟದ್ದು ಸಣ್ಣದಲ್ಲ. 1976ರಲ್ಲಿ ಕೊಲರಾಡೊದಲ್ಲಿ ಉಂಗುರ ಹಾಕಿದ್ದ ಒಂದು ಬ್ರಾಡ್ ಟೇಲ್ಡ್ ಹಮ್ಮಿಂಗ್‌ಬರ್ಡ್ ಹೆಣ್ಣು ಹಕ್ಕಿ 1987ರಲ್ಲಿ ಮತ್ತೆ ಸಿಕ್ಕಿತು. ಕನಿಷ್ಠ 12 ವರ್ಷ 2 ತಿಂಗಳ ವಯಸ್ಸು! ನಿಮಿಷಕ್ಕೆ ಸಾವಿರ ಸಲ ಎದೆ ಬಡಿಯುವ ಜೀವ ಅಷ್ಟು ವರ್ಷ ಬಾಳುತ್ತದೆ ಎಂದು ಯಾರು ಎಣಿಸಿದ್ದರು?

ಈಗ ಆ ಕಾರ್ಡುಗಳ ಮಾತು. 2013ರಲ್ಲಿ ಪ್ರಕಟವಾದ ಒಂದು ಅಧ್ಯಯನ, ವೆಲ್ಸ್ ಕುಕ್ ಶುರು ಮಾಡಿದ ಹಳೇ ಕಾರ್ಡುಗಳನ್ನು ಇಂದಿನ ಸ್ವಯಂಸೇವಕರ ವರದಿಗಳ ಪಕ್ಕ ಇಟ್ಟು ನೋಡಿತು. ಕೆಂಪು ಕೊರಳಿನ ಹಕ್ಕಿ 1969ಕ್ಕೂ ಹಿಂದಿನ ಕಾಲಕ್ಕೆ ಹೋಲಿಸಿದರೆ 11ರಿಂದ 18 ದಿನ ಮೊದಲೇ ಬರುತ್ತಿದೆ. ದೂರದ ಉತ್ತರದಲ್ಲಿ ಮಾತ್ರ ಅಷ್ಟು ವ್ಯತ್ಯಾಸ ಇಲ್ಲ. ಕೊಲರಾಡೊದ ಗೋಥಿಕ್‌ನಲ್ಲಿ ಹಿಮ ಬೇಗ ಕರಗಿ, ಹಕ್ಕಿ ಬೇಗ ಬರುವುದಕ್ಕಿಂತ ವೇಗವಾಗಿ ಹೂವು ಮುಂದೆ ಸರಿಯುತ್ತಿದೆ. ಬಂದಾಗ ಮೊದಲ ಹೂವು ಬಾಡಿದ್ದರೆ? 1881ರಲ್ಲಿ ಬರೆಯಲು ಕೂತ ಮೇಷ್ಟ್ರಿಗೆ ಹವಾಮಾನ ಬದಲಾವಣೆ ಎಂಬ ಮಾತೇ ಗೊತ್ತಿರಲಿಲ್ಲ. ಆದರೂ ಅವರು ಬರೆದಿಟ್ಟದ್ದರಿಂದಲೇ ಇದು ಗೊತ್ತಾಯಿತು, ಅಲ್ವಾ?

ರೂಫಸ್ ಹಕ್ಕಿಯ ಸುದ್ದಿ ನೋವಿನದು. ಹಲವು ದಶಕಗಳಿಂದ ಅದರ ಸಂಖ್ಯೆ ಇಳಿಯುತ್ತಲೇ ಇದೆ. 2018ರಲ್ಲಿ ಅದನ್ನು ಅಪಾಯದ ಅಂಚಿಗೆ ಬಂದ ಹಕ್ಕಿಗಳ ಪಟ್ಟಿಗೆ ಸೇರಿಸಿದರು. ಅದು ವಸಂತದಲ್ಲಿ ಪೆಸಿಫಿಕ್ ಕರಾವಳಿ ಹಿಡಿದು ಅಲಾಸ್ಕಾ ಕಡೆ ಏರುತ್ತದೆ, ಜುಲೈ ಬಂದರೆ ಪರ್ವತಗಳ ಹೂವಿನ ದಾರಿಯಲ್ಲಿ ಇಳಿಯುತ್ತದೆ. ಹೋಗುವ ದಾರಿ ಒಂದು, ಬರುವ ದಾರಿ ಇನ್ನೊಂದು. ಎರಡರಲ್ಲೂ ಹೂವು ಇರಬೇಕು. ಎಲ್ಲಿ ಕೊರತೆ ಬಿದ್ದಿದೆ ಎಂದು ತಿಳಿಯಲು ದಾರಿಯುದ್ದಕ್ಕೂ ಕಾಯುವ ಜನ ಬೇಕು.

ಉಂಗುರದ ಮೇಜಿನಲ್ಲಿ ಕೊನೆಯ ಕೆಲಸವನ್ನು ಸಾಮಾನ್ಯವಾಗಿ ಸ್ವಯಂಸೇವಕರಿಗೋ, ನೋಡಲು ಬಂದ ಮಗುವಿಗೋ ಕೊಡುತ್ತಾರೆ. ಚಾಚಿದ ಅಂಗೈ ಮೇಲೆ ಹಕ್ಕಿಯನ್ನು ಇಡುತ್ತಾರೆ. ತೂಕ ಗೊತ್ತೇ ಆಗುವುದಿಲ್ಲ. ಎದೆಬಡಿತ ಮಾತ್ರ ಸಣ್ಣ ಕಂಪನದ ಹಾಗೆ ಚರ್ಮಕ್ಕೆ ತಾಗುತ್ತದೆ. ಕೆಲವು ತಕ್ಷಣ ಹಾರುತ್ತವೆ. ಕೆಲವು ಒಂದು ನಿಮಿಷ ಹಾಗೇ ಮಲಗಿರುತ್ತವೆ, ಯಾರೂ ಉಸಿರು ಬಿಡುವುದಿಲ್ಲ. ಆಮೇಲೆ ಗುಂಯ್ ಎಂದು ಸದ್ದು, ಕೈ ಖಾಲಿ. ಪುಸ್ತಕದಲ್ಲಿ ಒಂದು ನಂಬರ್, ಪಕ್ಕದಲ್ಲಿ ತಾರೀಖು.