ಕ್ಯಾಮೆರಾ ಕೆಳಗೆ ಕೂತಾಗ

ಬೆಂಗಳೂರಿಗಿಂತ ನಾಲ್ಕು ವರ್ಷ ಮೊದಲೇ ಕಲಬುರಗಿಗೆ ದೂರದರ್ಶನದ ಟ್ರಾನ್ಸ್‌ಮಿಟರ್ ಬಂದಿತ್ತು. ಇಲ್ಲಿ 1977, ಅಲ್ಲಿ 1981. ನಮ್ಮ ಪತ್ರಿಕೋದ್ಯಮದ ಹುಡುಗ ಹುಡುಗಿಯರಿಗೆ ಇದನ್ನು ಹೇಳಿದರೆ ಮೊದಲು ನಂಬುವುದೇ ಇಲ್ಲ. 'ಹಿಂದುಳಿದ ಭಾಗಕ್ಕೆ ಅಷ್ಟು ಬೇಗ ಹೇಗೆ ಬಂತು ಸರ್?' ಎನ್ನುತ್ತಾರೆ. ಹಿಂದುಳಿದ ಭಾಗ ಅಂತಲೇ ಬಂತು.

ಅದರ ಬೇರು ಇರುವುದು ಉಪಗ್ರಹದ ಮೂಲಕ ಹಳ್ಳಿಗಳಿಗೆ ಟಿವಿ ತಲುಪಿಸಿದ 'ಸೈಟ್' ಎಂಬ ಪ್ರಯೋಗದಲ್ಲಿ. 1975ರ ಆಗಸ್ಟ್ 1ರಿಂದ ಒಂದು ವರ್ಷ ಅದು ನಡೆಯಿತು. ನಾಸಾದ ಎಟಿಎಸ್-6 ಉಪಗ್ರಹ, ಇಸ್ರೋದ ಯೋಜನೆ, ಆರು ರಾಜ್ಯಗಳ ಸುಮಾರು 2,400 ಹಳ್ಳಿ. ಕರ್ನಾಟಕದಲ್ಲಿ ಆರಿಸಿದ್ದು ಗುಲ್ಬರ್ಗ, ರಾಯಚೂರು, ಬಿಜಾಪುರ. ಯಾದಗಿರಿ ಆಗ ಗುಲ್ಬರ್ಗ ಜಿಲ್ಲೆಯಲ್ಲೇ ಇತ್ತು. ಕೋಳಿಗೂಡಿಗೆ ಹಾಕುವಂಥ ತಂತಿ ಜಾಲರಿಯಿಂದ ಮಾಡಿದ ಹತ್ತಡಿ ಅಗಲದ ಆಂಟೆನಾ. ಊರಿಗೆಲ್ಲ ಒಂದೇ ಟಿವಿ. ಅದರಲ್ಲಿ ಬೇಸಾಯ, ಆರೋಗ್ಯ, ಕುಟುಂಬ ಯೋಜನೆಯ ಮಾತು.

ಉದ್ದೇಶ ಒಳ್ಳೆಯದೇ. ಆದರೆ ಕನ್ನಡದ ಕಾರ್ಯಕ್ರಮಗಳು ತಯಾರಾಗುತ್ತಿದ್ದದ್ದು ಹೈದರಾಬಾದಿನಲ್ಲಿ. ಹೇಳುವವರು ಅಲ್ಲಿ, ಕೇಳುವವರು ಇಲ್ಲಿ. ನಮ್ಮ ಊರಿನ ಕಷ್ಟ ಏನು ಅಂತ ಬೇರೆಯವರು ನಮಗೇ ಹೇಳುವ ರೂಢಿ ಟಿವಿಯ ಜತೆಗೇ ಬಂತು. ನನಗಂತೂ ಹಾಗೇ ಅನಿಸುತ್ತದೆ.

ಬಡ ದೇಶಗಳ ಸುದ್ದಿಯನ್ನು ಯಾರು ಬರೆಯಬೇಕು, ಹೇಗೆ ಬರೆಯಬೇಕು ಎಂಬ ಚರ್ಚೆ ಆಗ ಎಲ್ಲ ಕಡೆ ಬಿಸಿಯಾಗಿತ್ತು. ಮನಿಲಾದಲ್ಲಿ 1960ರ ದಶಕದ ಕೊನೆಗೆ ಏಷ್ಯಾದ ಪತ್ರಕರ್ತರಿಗೆ ತರಬೇತಿ ಕೊಡುವಾಗ 'ಅಭಿವೃದ್ಧಿ ಪತ್ರಿಕೋದ್ಯಮ' ಎಂಬ ಮಾತು ಚಾಲ್ತಿಗೆ ಬಂತು. ದಿಲ್ಲಿಯಲ್ಲಿ 1965ರಲ್ಲಿ ಶುರುವಾದ ಭಾರತೀಯ ಜನಸಂವಹನ ಸಂಸ್ಥೆ ಏಷ್ಯಾ, ಆಫ್ರಿಕಾದ ಪತ್ರಕರ್ತರಿಗೆ ಇದೇ ಹೆಸರಿನ ಡಿಪ್ಲೊಮಾ ನಡೆಸಿಕೊಂಡು ಬಂದಿದೆ. 1969ರಲ್ಲಿ ಸಂಪಾದಕ ಬಿ.ಜಿ. ವರ್ಗೀಸ್ ತಮ್ಮ ಇಂಗ್ಲಿಷ್ ಪತ್ರಿಕೆಯ ವರದಿಗಾರರನ್ನು ಹರಿಯಾಣದ ಛತೇರಾ ಎಂಬ ಒಂದೇ ಹಳ್ಳಿಗೆ ಮತ್ತೆ ಮತ್ತೆ ಕಳಿಸಿದರು. ಬರಗಾಲ ಬಂದಾಗ, ಕೊಲೆ ಆದಾಗ ಅಂತಲ್ಲ, ಸುಮ್ನೆ ಆ ಊರಿನ ದಿನದಿನದ ಬದುಕು ಬರೆಯುವುದಕ್ಕೆ. ಮುಂದೆ ಯುನೆಸ್ಕೋ ಜಗತ್ತಿನ ಸುದ್ದಿಯ ಅಸಮತೋಲನದ ಬಗ್ಗೆ ಮೆಕ್‌ಬ್ರೈಡ್ ಆಯೋಗ ಮಾಡಿದಾಗ ವರ್ಗೀಸ್ ಅದರ ಸದಸ್ಯರಾಗಿದ್ದರು. ಆಯೋಗದ ವರದಿ ಬಂದದ್ದು 1980ರಲ್ಲಿ. ಅದೇ ವರ್ಷ ಗುಲ್ಬರ್ಗ ವಿಶ್ವವಿದ್ಯಾಲಯವೂ ಹುಟ್ಟಿತು.

ಇಷ್ಟೆಲ್ಲ ಕಮ್ಮಟ, ವರದಿಗಳಿಗಿಂತ ನನ್ನ ಮನಸ್ಸಿಗೆ ಹತ್ತಿರವಾದ ಪಾಠಶಾಲೆ ಬೀದರ್‌ನಿಂದ ಬಸ್ಸಿನಲ್ಲಿ ಒಂದು ತಾಸಿನ ದಾರಿ. ಜಹೀರಾಬಾದ್ ಹತ್ತಿರದ ಪಸ್ತಾಪುರ. ಈಗ ತೆಲಂಗಾಣ. ಮಣ್ಣು, ಜೋಳ, ತೊಗರಿ ನೋಡಿದರೆ ಗಡಿ ಎಲ್ಲಿ ದಾಟಿದೆವು ಅಂತ ಗೊತ್ತಾಗುವುದಿಲ್ಲ.

ಅಲ್ಲಿ 1983ರಲ್ಲಿ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿ ಎಂಬ ಸ್ವಯಂಸೇವಾ ಸಂಸ್ಥೆ ಕಟ್ಟಿದವರಲ್ಲಿ ಒಬ್ಬರು ಪಿ.ವಿ. ಸತೀಶ್. ಮೈಸೂರಿನವರು. ದಿಲ್ಲಿಯ ಅದೇ ಜನಸಂವಹನ ಸಂಸ್ಥೆಯಲ್ಲಿ ಓದಿ ದೂರದರ್ಶನ ಸೇರಿದವರು. 'ಸೈಟ್' ಕಾಲದಲ್ಲಿ ಅದಕ್ಕಾಗಿ ದುಡಿದವರು. ಹಳ್ಳಿಗೆ ಕಾರ್ಯಕ್ರಮ ಮಾಡಿ ಕಳಿಸುತ್ತಿದ್ದ ಮನುಷ್ಯ ಕೊನೆಗೆ ಹಳ್ಳಿಯವರ ಕೈಗೇ ಕ್ಯಾಮೆರಾ ಕೊಟ್ಟರು. 1990ರ ದಶಕದ ಕೊನೆಯಲ್ಲಿ ಅಲ್ಲಿನ ದಲಿತ ಹೆಂಗಸರು ವಿಡಿಯೋ ಕಲಿತರು. ಹಲವರಿಗೆ ಓದು ಬರಹ ಇರಲಿಲ್ಲ. ಇಂಗ್ಲಿಷಿನ ಶಾಟ್ ಹೆಸರುಗಳು ಅವರಿಗೆ ಬೇಕಾಗಲಿಲ್ಲ. ತಾವೇ ಹೆಸರಿಟ್ಟರು. ಮೇಲಿನಿಂದ ಕೆಳಗೆ ನೋಡಿದರೆ 'ಪಟೇಲ ಶಾಟ್'. ಊರಿನ ದೊಡ್ಡವರು ನೋಡುವುದು ಹಾಗೇ ಅಲ್ವಾ? ಕೆಳಗಿನಿಂದ ಮೇಲೆ ನೋಡಿದರೆ ಜೀತದಾಳಿನ ಶಾಟ್. ಎದುರು ಬದುರು ಕೂತು ಕಣ್ಣಿಗೆ ಕಣ್ಣು ಕೊಟ್ಟು ತೆಗೆದರೆ 'ಸಂಘಂ ಶಾಟ್'. ಊರ ಹೆಂಗಸರ ಸಂಘದ ಸಭೆಯಲ್ಲಿ ಎಲ್ಲರೂ ಒಂದೇ ನೆಲದ ಮೇಲೆ ಕೂರುತ್ತಾರೆ, ಅದಕ್ಕೆ.

ವಾರಂಗಲ್‌ನ ಬಿಟಿ ಹತ್ತಿ (ಕುಲಾಂತರಿ ಹತ್ತಿ) ಬೆಳೆದ ರೈತರ ಬಗ್ಗೆ ಚಿತ್ರ ಮಾಡುವಾಗ ಈ ಹೆಂಗಸರು ಒಂದು ದಿನ ಹೋಗಿ ನಾಲ್ಕು ಮಾತಿನ ಬೈಟ್ ತಂದವರಲ್ಲ. ಇಡೀ ಹಂಗಾಮು ರೈತರ ಬೆನ್ನಿಗೇ ಇದ್ದರು. 2008ರಲ್ಲಿ ಮಾಚನೂರಿನಲ್ಲಿ ಸಂಘಂ ರೇಡಿಯೋವನ್ನೂ ಶುರು ಮಾಡಿದರು. ಸತೀಶ್ 2023ರಲ್ಲಿ ತೀರಿಕೊಂಡರು.

ನಮ್ಮ ಕಡೆ ಏನಾಯಿತು? 2002ರ ನಂಜುಂಡಪ್ಪ ವರದಿ ರಾಜ್ಯದ 39 ಅತಿ ಹಿಂದುಳಿದ ತಾಲೂಕುಗಳಲ್ಲಿ 21 ಕಲಬುರಗಿ ವಿಭಾಗದವು ಎಂದಿತು. ಈ ಭಾಗಕ್ಕೆ ವಿಶೇಷ ಸ್ಥಾನಮಾನ ಕೊಡುವ ಸಂವಿಧಾನದ 371(ಜೆ) ವಿಧಿ ಬಂತು. 2019ರಲ್ಲಿ ಕಲ್ಯಾಣ ಕರ್ನಾಟಕ ಎಂಬ ಹೆಸರೂ ಬಂತು. ಆದರೆ ಸುದ್ದಿಯಲ್ಲಿ ನಾವು ಇವತ್ತಿಗೂ ಬಿಸಿಲು, ಗುಳೆ, ಖಾಲಿ ಕೊಡ. ನಾನು ಸ್ಟ್ರಿಂಗರ್, ಅಂದರೆ ಸಂಬಳವಿಲ್ಲದ ಬಿಡಿ ವರದಿಗಾರ, ಆಗಿದ್ದಾಗ ಡೆಸ್ಕಿನಿಂದ ಫೋನ್ ಬರುತ್ತಿತ್ತು: 'ಕೊಡಗಳ ಸಾಲು ಇದ್ಯಾ? ಬಿರುಕು ಬಿಟ್ಟ ಕೆರೆ ಸಿಗುತ್ತಾ?' ಸಿಗುತ್ತಿತ್ತು. ಕಳಿಸುತ್ತಿದ್ದೆ. ಸುದ್ದಿಗೆ ಇಷ್ಟು ಅಂತ ದುಡ್ಡು ಬರುತ್ತಿತ್ತು. ಕೆರೆ ಯಾಕೆ ಹೂಳು ತುಂಬಿತು ಅಂತ ನಾನೂ ಕೇಳಲಿಲ್ಲ. ಆ ಕೊರಗು ಇನ್ನೂ ಹೋಗಿಲ್ಲ.

ಅದಕ್ಕೇ ಈಗ ಕಲಿಯಲು ಬರುವವರನ್ನು ಮೊದಲು ಹಳ್ಳಿಗೆ ಕರೆದುಕೊಂಡು ಹೋಗುತ್ತೇನೆ. ಹೋದ ಜನವರಿಯಲ್ಲಿ ಆಳಂದ ಕಡೆಯ ಒಂದು ಊರಿನಲ್ಲಿ ಅಜ್ಜಿಯೊಬ್ಬರು ಅಂಗಳದಲ್ಲಿ ತೊಗರಿ ಹಸನು ಮಾಡುತ್ತಿದ್ದರು. ಮೊರ ಏರಿ ಇಳಿಯುತ್ತಿತ್ತು, ಹೊಟ್ಟು ಗಾಳಿಗೆ ಹಾರುತ್ತಿತ್ತು. ನಮ್ಮ ಹುಡುಗಿ ನಿಂತೇ ಮೊಬೈಲ್ ಹಿಡಿದು ಪ್ರಶ್ನೆ ಶುರು ಮಾಡಿದಳು. ಅಜ್ಜಿ ಮೊರ ನಿಲ್ಲಿಸಿದರು.

'ಯವ್ವಾ, ಕೆಳಗ ಕುಂದ್ರು. ನಿನ್ನ ಮಾರಿ ನೋಡ್ಲಕ ನನ್ನ ಕುತಗಿ ನೋಯ್ತದ.'

ಅವಳು ಕೂತಳು. ಮೊಬೈಲ್ ಮಡಿಲಿಗೆ ಬಂತು. ಒಂದು ಹಿಡಿ ತೊಗರಿ ತೆಗೆದುಕೊಂಡು ತಾನೂ ಕಲ್ಲು ಆರಿಸತೊಡಗಿದಳು. ಕಾಲು ಗಂಟೆ ಏನೂ ರೆಕಾರ್ಡ್ ಆಗಲಿಲ್ಲ. ಆಮೇಲೆ ಅಜ್ಜಿ ತಾವಾಗಿಯೇ ಮಾತು ತೆಗೆದರು: ಕ್ವಿಂಟಲ್‌ಗೆ ಎಷ್ಟು ಸಿಕ್ಕಿತು, ತೂಕದಲ್ಲಿ ಎಷ್ಟು ಹೋಯಿತು, ಮಗ ಪುಣೆಯಿಂದ ಯಾವಾಗ ಬರುತ್ತಾನೆ. ಹುಡುಗಿ ಆಗ ಮೆಲ್ಲಗೆ ಕೇಳಿದಳು, 'ಈಗ ತೆಗೀಲೇನಮ್ಮಾ?'

ಜೂನ್‌ನಲ್ಲಿ ಬಿತ್ತನೆ ಹೊತ್ತಿಗೆ ಅವಳು ಮತ್ತೆ ಆ ಊರಿಗೆ ಹೋದಳು. ಈ ಸಲ ನಾನು ಜತೆಗೆ ಹೋಗಲಿಲ್ಲ.