ಬಣ್ಣವಿಲ್ಲದ ಕಣ್ಣಿಗೆ ಪೊರೆ ಬಂದಾಗ

ಚಳ್ಳಕೆರೆ ಸೀಮೆಯ ಶೇಂಗಾ ಹೊಲಗಳಲ್ಲಿ ನಡುಹಗಲಿನ ಬಿಸಿಲಿಗೆ ಯಾರೇ ಆದರೂ ಕಣ್ಣು ಕಿರಿದು ಮಾಡುತ್ತಾರೆ. ಆದರೆ ಆಲ್ಬಿನಿಸಂ ಇರುವವರಿಗೆ, ಅಂದರೆ ಮೆಲನಿನ್ ಎಂಬ ವರ್ಣದ್ರವ್ಯವನ್ನು ಹುಟ್ಟಿನಿಂದಲೇ ಸಾಕಷ್ಟು ತಯಾರಿಸಲಾಗದ ದೇಹವುಳ್ಳವರಿಗೆ, ಆ ಬಿಸಿಲಿನಲ್ಲಿ ಕಣ್ಣು ತೆರೆಯುವುದೇ ಕಷ್ಟ. ಜನ ಇದನ್ನು ತೊನ್ನು ಎಂದು ತಿಳಿಯುವುದುಂಟು. ತೊನ್ನಿನಲ್ಲಿ ಇದ್ದ ಬಣ್ಣ ಆಮೇಲೆ ಹೋಗುತ್ತದೆ. ಆಲ್ಬಿನಿಸಂ ತಂದೆತಾಯಿಗಳ ಜೀನುಗಳ ಮೂಲಕ ಬರುವಂಥದ್ದು. ಇಂಥವರಿಗೆ ವಯಸ್ಸಾದ ಮೇಲೆ ನೋಟ ಇನ್ನಷ್ಟು ಮಬ್ಬಾದರೆ, 'ಹುಟ್ಟಿದಾಗಿಂದ ಹಂಗೇ ಐತಲ್ಲ' ಎಂದು ಮನೆಯವರು ಸುಮ್ಮನಾಗಿಬಿಡಬಹುದು. ನನ್ನನ್ನು ಬಹಳವಾಗಿ ಕಾಡುವುದು ಈ ಮಾತೇ, ಏಕೆಂದರೆ ಎಲ್ಲರಿಗೂ ಬರುವ ಪೊರೆ ಅವರಿಗೂ ಬರುತ್ತದೆ ಮತ್ತು ಅದನ್ನು ತೆಗೆಯಲು ಸಾಧ್ಯವಿದೆ.

ಹುಟ್ಟಿನಿಂದ ಬಂದ ಮಂದದೃಷ್ಟಿಯ ಕಾರಣ ಬೇರೆ. ಸೂಕ್ಷ್ಮವಾದುದನ್ನು ಗುರುತಿಸುವ, ಅಕ್ಷಿಪಟಲದ ನಡುವಿನ ಪುಟ್ಟ ಕುಳಿ ಇವರಲ್ಲಿ ಪೂರ್ತಿಯಾಗಿ ರೂಪುಗೊಂಡಿರುವುದಿಲ್ಲ. ಹಲವರ ಕಣ್ಣುಗುಡ್ಡೆಗಳು ತಾವಾಗಿಯೇ ಅತ್ತಿತ್ತ ಓಲಾಡುತ್ತಿರುತ್ತವೆ. ಪೊರೆ ಕಟ್ಟುವುದು ಮಸೂರದಲ್ಲಿ.

ಶಸ್ತ್ರಚಿಕಿತ್ಸೆಯಲ್ಲಿ ಮಸೂರವನ್ನು ಸುತ್ತಿರುವ ತೆಳು ಚೀಲದ ಮುಂಭಾಗವನ್ನು ದುಂಡಗೆ ಹರಿದು, ಒಳಗಿನ ಮಬ್ಬಾದ ಭಾಗವನ್ನು ತೆಗೆದು, ಕೃತಕ ಮಸೂರವನ್ನು ಕೂರಿಸುತ್ತಾರೆ. ಪಾರದರ್ಶಕವಾದ ಆ ಚೀಲದ ಅಂಚು ವೈದ್ಯರಿಗೆ ಕಾಣುವುದು ಕಣ್ಣಿನ ಹಿಂಭಾಗದಿಂದ ಮರಳುವ ಕೆಂಪು ಹೊಳಪಿನಲ್ಲಿ. ಮೆಲನಿನ್ ಇಲ್ಲದ ಕಣ್ಣಿನಲ್ಲಿ ಪಾಪೆಯ ಸುತ್ತಲಿನ ಪರದೆಯೇ ಬೆಳಕನ್ನು ತೂರಿಸಿಬಿಡುವುದರಿಂದ, ಎಲ್ಲೆಡೆಯಿಂದ ಬರುವ ಹೊಳಪಿನ ನಡುವೆ ಆ ಅಂಚು ಕಳೆದುಹೋಗಬಹುದು. ಆಗ ಟ್ರಿಪಾನ್ ಬ್ಲೂ ಎಂಬ ನೀಲಿ ಬಣ್ಣವನ್ನು ಚೀಲಕ್ಕೆ ಹಚ್ಚುತ್ತಾರೆ. ಅಕ್ಷಿಪಟಲದ ಹಿಂದೆ ಬೆಳಕನ್ನು ಹೀರುವ ಬಣ್ಣದ ಪದರವೂ ಸಾಕಷ್ಟಿಲ್ಲದ ಕಾರಣ, ಸೂಕ್ಷ್ಮದರ್ಶಕದ ದೀಪವನ್ನು ಆದಷ್ಟು ತಗ್ಗಿಸಿಕೊಳ್ಳುವುದು ಒಳ್ಳೆಯದು.

ಅರಿವಳಿಕೆಯ ವಿಚಾರವನ್ನು ತುಸು ವಿವರವಾಗಿಯೇ ಹೇಳಬೇಕು. ಅರಿವಳಿಕೆಯ ಹನಿ ಹಾಕಿದರೆ ನೋವು ನಿಲ್ಲುತ್ತದೆಯೇ ಹೊರತು ಓಲಾಟ ನಿಲ್ಲುವುದಿಲ್ಲ; ಅದಕ್ಕೆ ಕಣ್ಣಿನ ಪಕ್ಕದಲ್ಲಿ ಇಂಜೆಕ್ಷನ್ ಕೊಡುವುದು, ಕೆಲವೊಮ್ಮೆ ಪೂರ್ಣ ಅರಿವಳಿಕೆ ಕೊಡುವುದು ಬೇಕಾಗುತ್ತದೆ. ಆದರೆ ಹರ್ಮಾನ್ಸ್ಕಿ ಮತ್ತು ಪುಡ್ಲಾಕ್ ಎಂಬ ವೈದ್ಯರು 1959ರಲ್ಲಿ ವರದಿ ಮಾಡಿದ, ಆಲ್ಬಿನಿಸಂನ ಒಂದು ಅಪರೂಪದ ಬಗೆಯಲ್ಲಿ ರಕ್ತದ ಕಿರುಬಿಲ್ಲೆಗಳು ಸರಿಯಾಗಿ ಕೆಲಸ ಮಾಡದೆ ರಕ್ತಸ್ರಾವ ಬೇಗ ನಿಲ್ಲುವುದಿಲ್ಲ. ಹಲ್ಲು ಕೀಳಿಸಿದಾಗ ರಕ್ತ ಬಹಳ ಹೊತ್ತು ಸುರಿದಿತ್ತೇ, ಸಣ್ಣ ಪೆಟ್ಟಿಗೂ ಮೈ ಕಂದುತ್ತದೆಯೇ ಎಂದು ವೈದ್ಯರು ಸೂಜಿಗೆ ಮೊದಲೇ ಕೇಳಬೇಕು. ಅವರು ಕೇಳದಿದ್ದರೆ ರೋಗಿಯ ಕಡೆಯವರೇ ಹೇಳಬೇಕು.

ದಾವಣಗೆರೆಯ ಆಸ್ಪತ್ರೆಗೆ ಹೋಗಲಿ, ಚಿತ್ರದುರ್ಗದ್ದಕ್ಕೆ ಹೋಗಲಿ, ಇಂಥವರು ಮೊದಲು ಕೇಳಬೇಕಾದದ್ದು 'ಈಗಿನ ಮಬ್ಬಿನಲ್ಲಿ ಪೊರೆಯ ಪಾಲೆಷ್ಟು?' ಎಂದು. ಪೊರೆ ತೆಗೆದ ಮೇಲೆ ಮರಳುವುದು ಹೆಚ್ಚೂಕಡಿಮೆ ಅವರ ಹಿಂದಿನ ನೋಟವೇ. ನೆರೆಮನೆಯವರಿಗೆ ಕಾಣುವಷ್ಟು ಕಾಣುವುದಿಲ್ಲ, ಹೊಲಕ್ಕೆ ಹೋಗುವಾಗ ಕಪ್ಪು ಕನ್ನಡಕ, ಅಗಲ ಅಂಚಿನ ಟೋಪಿ ಬೇಕೇ ಬೇಕು. ಆದರೂ ಮೊದಲು ಮುಖದ ಹತ್ತಿರ ಹಿಡಿದು ಓದುತ್ತಿದ್ದ ದಿನಪತ್ರಿಕೆಯನ್ನು ಪೊರೆ ಬಂದ ಮೇಲೆ ಬಿಟ್ಟಿದ್ದವರು, ಕನ್ನಡಕ ಹಾಕಿಕೊಂಡು ಅದೇ ಹತ್ತಿರದಲ್ಲಿ ಹಿಡಿದು ಮತ್ತೆ ಓದುವಂತಾಗಬಹುದು.